ನಲವತ್ತೊಂದು ಚುಕ್ಕೆಗಳು

ಜೂನ್ 9, ಸೋಮವಾರ, ಬೆಳಗ್ಗೆ 6.20. ಕೋಡಂಬಾಕ್ಕಂನಲ್ಲಿರುವ ಅಣ್ಣನ ಮನೆಯಲ್ಲಿ ಊಟದ ಮೇಜಿನ ಮುಂದೆ ಕುಳಿತು ಪತ್ರಿಕೆಗೆ ಇದನ್ನು ಬರೆಯಲು ಶುರುಮಾಡಿದ್ದೇನೆ. ನಾನು ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದೆನೋ ಅವರು ತೀರಿಕೊಂಡು ಇವತ್ತಿಗೆ ಹದಿಮೂರು ದಿನ. ಹೆಸರು ಬರೆಯುವುದಿಲ್ಲ. ಬರೆದರೆ ಗೊತ್ತಿದ್ದವರು ಸಂತಾಪ ಹೇಳುತ್ತಾರೆ; ನನಗೆ ಬೇಕಾಗಿರುವುದು ಅದಲ್ಲ. ಒಂದು ಹಾಡಿನ ಎರಡನೆಯ ಸಾಲು ಎಲ್ಲಿಗೆ ಇಳಿಯುತ್ತಿತ್ತು ಎಂಬುದು ನನಗೆ ಬೇಕು. ಅದನ್ನು ಕೇಳುವ ಮೊದಲು ಅವರು ಎಂಥವರು ಎಂದು ಹೇಳಬೇಕು.

ಮೈಲಾಪೂರಿನ ಒಂದು ಸಂಗೀತ ವಿದ್ಯಾಲಯದ ಸಂಶೋಧನಾ ವಿಭಾಗವನ್ನು ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡರು. ವಿಭಾಗವೆಂದರೆ ಎರಡನೆಯ ಮಹಡಿಯಲ್ಲಿ ಒಂದು ಕೋಣೆ. ಎರಡು ಮೇಜು, ಒಂದು ಫ್ಯಾನು, ಗೋಡೆಯಷ್ಟು ಅಗಲದ ಒಂದು ಮರದ ಕಪಾಟು. ಕಪಾಟಿಗೆ ಬೀಗ. ಬೀಗದ ಕೈ ಅವರ ಜನಿವಾರದಲ್ಲಿ. ಅವರು ಬಗ್ಗಿದಾಗ ಅದು ಅಂಗಿಯ ಒಳಗಿನಿಂದ ಮೇಜಿನ ಅಂಚಿಗೆ ತಗಲಿ ಟಕ್ ಎನ್ನುತ್ತಿತ್ತು.

ನಾನು ಸೇರಿದ್ದು ಕಳೆದ ವರ್ಷ ಆಗಸ್ಟ್ 19ರಂದು. ಕೆಲಸ: ವಿಭಾಗದಲ್ಲಿದ್ದ ಕನ್ನಡ ಅಕ್ಷರದ ಸಂಗೀತದ ಪುಸ್ತಕಗಳ ಪಟ್ಟಿ ಮಾಡುವುದು. ನನಗೆ ಕೆಲಸ ಸಿಕ್ಕಿದ್ದಕ್ಕೆ ಕಾರಣ ಒಂದೇ, ನಾನು ಮಂಡ್ಯದವಳು, ಕನ್ನಡ ಓದುತ್ತೇನೆ. ಅವರ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನಲ್ಲಿತ್ತು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೂ ಮಗಳಿಗೆ ಓದಲು ಬಾರದು.

ಮೊದಲನೆಯ ದಿನವೇ ಅವರು ಹೇಳಿದ್ದು: "ನಾನು ಹೋದ್ಮೇಲೆ ಈ ಕಪಾಟ್‌ನಲ್ಲಿರೋದು ಇಲ್ಲಿ ಯಾರಿಗೂ ಅಕ್ಷರ ಅಲ್ಲಮ್ಮಾ, ಚಿತ್ರ. ಸೀಕ್ರಂ ಪಟ್ಟಿ ಮಾಡು."

ಬೇಗ ಮಾಡು ಎಂದವರು ಕಪಾಟನ್ನು ಮಾತ್ರ ತೆರೆಯಲಿಲ್ಲ. ನನಗೆ ಕೊಟ್ಟದ್ದು ಅದರಲ್ಲಿದ್ದ ಒಂದು ಪುಸ್ತಕದ ಜೆರಾಕ್ಸ್ ಪ್ರತಿಯ ಎರಡು ಕಟ್ಟು. ಒಂದರಲ್ಲಿ ಹಾಳೆಗಳ ಮುಂಬದಿ, ಇನ್ನೊಂದರಲ್ಲಿ ಹಿಂಬದಿ. ಮೂಲ ಪುಸ್ತಕ ಬೇಕು ಎಂದರೆ ಅವರ ಉತ್ತರ ಒಂದೇ: "ಪಾರ್ಕಲಾಂ." ನೋಡೋಣ ಎಂದು ಅರ್ಥ. ನಾನು ದಿನಚರಿ ಬರೆಯುವವಳು, ಲೆಕ್ಕ ಇಡುವ ಅಭ್ಯಾಸವಿದೆ. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಕಪಾಟಿನ ವಿಷಯದಲ್ಲಿ ಹದಿನಾಲ್ಕು ಸಲ "ಪಾರ್ಕಲಾಂ" ಎಂದಿದ್ದಾರೆ.

ಈ ಅಭ್ಯಾಸ ಅವರಿಗೆ ತಮಾಷೆಯಾಗಿ ಕಾಣುತ್ತಿತ್ತು. ನಾನು ಬಾಗಿಲಲ್ಲಿ ಕಂಡ ಕೂಡಲೇ, "ಬಂದ್ಳಪ್ಪಾ ನಮ್ಮ ಕಣಕ್ಕಪಿಳ್ಳೆ" ಎನ್ನುತ್ತಿದ್ದರು. ಹಳ್ಳಿಯ ಲೆಕ್ಕ ಬರೆಯುವವರಿಗೆ ಇಲ್ಲಿ ಹಾಗೆನ್ನುತ್ತಾರೆ. "ಇವತ್ತು ನಾನು ಎಷ್ಟು ಸಲ ಕೆಮ್ಮಿದೆ, ಬರ್ಕೊಂಡ್ಯಾ?"

"ಇನ್ನೂ ಹತ್ತೂವರೆ ಸಾರ್. ಸಾಯಂಕಾಲ ಕೂಡಿಸ್ತೀನಿ."

"ಕೂಡ್ಸು ಕೂಡ್ಸು. ಒಂದು ದಿನ ಸೊನ್ನೆ ಬರತ್ತೆ, ಆವತ್ತು ರಜಾ ಹಾಕು."

ಇಂಥ ಮಾತು ಆಡಿ ಅವರೇ ನಗುತ್ತಿದ್ದರು. ನಗುವಾಗ ಸದ್ದಾಗುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಆ ಮೂಲ ಪುಸ್ತಕ ಅವರ ಬದುಕಿನ ಕೆಲಸ. ಹೊಲಿಗೆ ಬಿಟ್ಟ ಬಿಡಿ ಹಾಳೆಗಳು, ಬರೆದವರ ಹೆಸರಿಲ್ಲ. ಯಾರೋ ಒಬ್ಬರು ಮೈಲಾಪೂರಿನ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ದೇವರನಾಮಗಳನ್ನು ಕೇಳಿ ಕೇಳಿ ಸ್ವರ ಹಾಕಿ ಬರೆದಿಟ್ಟಿದ್ದರು. ಸ್ವರಲಿಪಿಯಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಆ ಸ್ವರವನ್ನು ಮಂದ್ರದಲ್ಲಿ, ಎಂದರೆ ಕೆಳಗಿನ ಸ್ಥಾಯಿಯಲ್ಲಿ, ಹಾಡಬೇಕು. ಈ ಪುಸ್ತಕದಲ್ಲಿ ಅಂಥ ಚುಕ್ಕೆಗಳನ್ನು ಅವರು ಕಂಡರು. ಸಾಲಿನಲ್ಲಿ ಒಂದು ಸ್ವರಕ್ಕೆ ಚುಕ್ಕೆ ಇಟ್ಟರೆ ಆ ಸಾಲು ಮುಗಿಯುವ ತನಕ ಮಂದ್ರದಲ್ಲೇ ಇರಬೇಕು ಎಂದು ಒಂದು ನಿಯಮ ಕಂಡುಕೊಂಡರು. ಆ ನಿಯಮದ ಪ್ರಕಾರ ಓದಿದರೆ ಬೇರೆಲ್ಲೂ ಮೇಲೆ ಹೋಗುವ ಹಾಡುಗಳು ಇಲ್ಲಿ ತಟ್ಟನೆ ಕೆಳಕ್ಕೆ ಇಳಿಯುತ್ತಿದ್ದವು. ಹೆಂಗಸರ ಪರಂಪರೆಯ ಮಂದ್ರ ಎಂದು ಅವರು ಅದನ್ನು ಕರೆದರು. ಸಭೆಗಳಲ್ಲಿ ಮಾತಾಡಿದರು. ಎಲ್ಲ ಹಾಡುಗಳ ಸಂಪಾದಿತ ಪುಸ್ತಕ ಈ ವರ್ಷ ಅಚ್ಚಿಗೆ ಹೋಗುವುದಿತ್ತು.

ಪಕ್ಕದ ಅಭ್ಯಾಸದ ಕೋಣೆಯಲ್ಲಿ ಅವರ ಸಂಶೋಧನಾ ವಿದ್ಯಾರ್ಥಿನಿ ವೈದೇಹಿ ಆ ಸಾಲುಗಳನ್ನು ಹಾಡುತ್ತಿದ್ದಳು. ಮನೆಮಾತು ಕನ್ನಡವೇ, ಆದರೆ ಓದಿದ್ದೆಲ್ಲ ತಮಿಳು. "ಕನ್ನಡದಲ್ಲಿ ನಂಗೆ ಏಳೇ ಎಳುತ್ತು ಬರತ್ತೆ ಅಕ್ಕಾ. ಸ ರಿ ಗ ಮ ಪ ದ ನಿ. ಅದ್ರಲ್ಲೇ ಡಾಕ್ಟರೇಟ್ ವಾಂಗ್ತೀನಿ, ಪಾರುಂಗೋ" ಎನ್ನುತ್ತಿದ್ದಳು. ಅವಳದು ಎತ್ತರದ ಕಂಠ. ಕೆಳಗಿನ ಸಾಲು ಬಂದಾಗ ಸ್ವರ ನಿಲ್ಲುತ್ತಿರಲಿಲ್ಲ, ಉಸಿರು ಮಾತ್ರ ಉಳಿಯುತ್ತಿತ್ತು. ಗೋಡೆಯ ಈಚೆಗೆ ಕೇಳಿದರೆ ಯಾರೋ ಮೆಟ್ಟಿಲು ಕಾಣದೆ ಕೆಳಗೆ ಕಾಲಿಟ್ಟ ಹಾಗಿರುತ್ತಿತ್ತು. ಅವರು ಓದುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. "ಇನ್ನೂ ಕೆಳಗೆ" ಎಂದು ತಮ್ಮಷ್ಟಕ್ಕೆ ಹೇಳುತ್ತಿದ್ದರು.

ಅವರ ದಿನ ಒಂದೇ ಕ್ರಮ. ಒಂಬತ್ತೂ ಮುಕ್ಕಾಲಿಗೆ ಬರುವುದು. ಹಣೆಯಲ್ಲಿ ಅಂಗಾರ, ಅಕ್ಷತೆ. ಬಿಳಿ ಅರೆತೋಳಿನ ಅಂಗಿ. ಜೇಬಿನಲ್ಲಿ ಹಸಿರು ಮಸಿಯ ಪೆನ್ನು. ಹನ್ನೆರಡು ಹತ್ತಕ್ಕೆ ಮೊಸರನ್ನ. ಉಪ್ಪಿನಕಾಯಿಯನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿ ನನ್ನ ಕಡೆ ತಳ್ಳುತ್ತಿದ್ದರು, ಬೇಡ ಎಂದರೂ. ಓದುವಾಗ ಎಡಗೈಯನ್ನು ಹಾಳೆಯ ಕೆಳಭಾಗದ ಮೇಲೆ ಅಗಲವಾಗಿ ಇಡುತ್ತಿದ್ದರು, ಗಾಳಿಗೆ ಹಾರದಿರಲಿ ಎಂಬಂತೆ. ಫ್ಯಾನು ನಿಂತಿದ್ದಾಗಲೂ ಇಡುತ್ತಿದ್ದರು. ಬಲಗೈಯ ಉಂಗುರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು.

ಸೆಪ್ಟೆಂಬರ್ 11ರಂದು ಕಪಾಟಿನ ಕೆಳಗೆ ನೆಲದ ಮೇಲೆ ಹಳದಿ ಪುಡಿ ನೋಡಿದೆ. ಹೆಸರುಬೇಳೆ ಹಿಟ್ಟಿನಂತೆ ನುಣುಪು. ಕಾಗದದಲ್ಲಿ ಎತ್ತಿದೆ, ಅರ್ಧ ಚಮಚ ಆಯಿತು. ಮರುವಾರ ಮತ್ತೆ ಅರ್ಧ ಚಮಚ. ನವೆಂಬರ್ ಕೊನೆಗೆ ವಾರಕ್ಕೆ ಒಂದು ಚಮಚ. ಜನವರಿಯಲ್ಲಿ ಎರಡು.

"ಸಾರ್, ಹುಳ ಬಿದ್ದಿರಬೋದು. ಒಂದ್ಸಲ ತೆಗೆದು ನೋಡಣ" ಎಂದೆ.

"ಹಳೇ ಮರ. ಉದುರತ್ತೆ. ನನಗೂ ಉದುರತ್ತೆ, ನೋಡು" ಎಂದು ತಲೆ ಸವರಿಕೊಂಡರು.

ಫೆಬ್ರವರಿಯಲ್ಲಿ ವಿದ್ಯಾಲಯದವರು ಹುಳಕ್ಕೆ ಔಷಧಿ ಹೊಡೆಯುವವರನ್ನು ಕರೆಸಿದರು. ಎಲ್ಲ ಕೋಣೆಗೂ ಹೊಡೆದರು. ನಮ್ಮ ಬಾಗಿಲಿಗೆ ಬಂದಾಗ ಅವರು ಎದ್ದು ಹೋಗಿ ಕಪಾಟಿಗೆ ಬೆನ್ನು ಕೊಟ್ಟು ನಿಂತರು. "ಇಂದ ರೂಮ್ ವೇಂಡಾಂ", ಈ ಕೋಣೆಗೆ ಬೇಡ, ಎಂದರು. ಹೊಗೆಗೆ ಮಸಿ ಹಾರಿಹೋಗುತ್ತದೆ ಎಂದು ಆಮೇಲೆ ನನಗೆ ಕಾರಣ ಹೇಳಿದರು. ಅಂಗಿಯ ಬೆನ್ನಿನಲ್ಲಿ ಹಳದಿ ಪುಡಿ ಅಂಟಿತ್ತು.

ಮಧ್ಯಾಹ್ನ ವೈದೇಹಿ ಊಟಕ್ಕೆ ಹೋದಾಗ, ಬೀದಿಯ ಸದ್ದು ಕಡಿಮೆಯಾದಾಗ, ಕಪಾಟಿನ ಒಳಗಿನಿಂದ ಸಣ್ಣ ಸದ್ದು ಬರುತ್ತಿತ್ತು. ಉಗುರಿನಿಂದ ಬೆಂಕಿಪೊಟ್ಟಣ ಕೆರೆದ ಹಾಗೆ. ಕೆಲವು ಸಲ ನಿಂತು, ಮತ್ತೆ ಶುರು. ಅವರಿಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಅವರ ಬೆರಳಿನ ತಾಳ ಸ್ವಲ್ಪ ಜೋರಾಗುತ್ತಿತ್ತು.

ಏಪ್ರಿಲ್ ಮೊದಲ ವಾರ ಅಚ್ಚಿನ ಕರಡು ಬಂತು. ಕರಡನ್ನು ಜೆರಾಕ್ಸ್ ಪ್ರತಿಯೊಂದಿಗೆ ಹೋಲಿಸಿ ನೋಡುವುದು ನನ್ನ ಕೆಲಸ. ಚುಕ್ಕೆ ತಪ್ಪಬಾರದು ಎಂದು ಅವರು ಮೂರು ಸಲ ಹೇಳಿದ್ದರಿಂದ ಚುಕ್ಕೆಗಳನ್ನು ಎಣಿಸಿದೆ. ಜೆರಾಕ್ಸ್‌ನಲ್ಲಿ ಒಟ್ಟು 263 ಚುಕ್ಕೆ. ಸ್ವರದ ಕೆಳಗೆ ಸರಿಯಾಗಿ ಬಿದ್ದವು 41. ಉಳಿದ 222 ಸಾಲುಗಳ ನಡುವೆ, ಅಂಚಿನಲ್ಲಿ, ಸಾಹಿತ್ಯದ ಮೇಲೆ ಎಲ್ಲೆಂದರಲ್ಲಿ. ಅವನ್ನು ಮುನ್ನುಡಿಯಲ್ಲಿ "ಮಸಿ ಹಾರಿದ್ದು" ಎಂದು ಬರೆದಿದ್ದರು. ಸಂಗೀತಕ್ಕೆ ಹೊಂದಿದ್ದು ಚುಕ್ಕೆ, ಹೊಂದದ್ದು ಮಸಿ. ಆ ವಾಕ್ಯವನ್ನು ಎರಡು ಸಲ ಓದಿದೆ.

ಅಡಿಕೋಲು ತೆಗೆದುಕೊಂಡು ಅಳೆದೆ. ಹನ್ನೆರಡನೆಯ ಹಾಳೆಯ ಮುಂಬದಿಯಲ್ಲಿ ಒಂದು ಚುಕ್ಕೆ ಎಡ ಅಂಚಿನಿಂದ 6.2 ಸೆಂಟಿಮೀಟರ್. ಅದೇ ಹಾಳೆಯ ಹಿಂಬದಿಯಲ್ಲಿ, ಅದೇ ಎತ್ತರದಲ್ಲಿ, ಬಲ ಅಂಚಿನಿಂದ 6.2. ಹದಿಮೂರನೆಯದರಲ್ಲೂ ಹಾಗೆಯೇ. ಹದಿನಾಲ್ಕರಲ್ಲೂ. ಹತ್ತೊಂಬತ್ತರ ತನಕ ಚುಕ್ಕೆ ಚಿಕ್ಕದಾಗುತ್ತ ಹೋಗಿ ಇಪ್ಪತ್ತರಲ್ಲಿ ಇರಲಿಲ್ಲ. ಬರೆದವರು ಯಾರೂ ಹಾಗೆ ಮಸಿಯಲ್ಲಿ ಚುಕ್ಕೆ ಇಡುವುದಿಲ್ಲ. ಹುಳ ಹಾಗೆ ಹೋಗುತ್ತದೆ. ಬಿಡಿ ಹಾಳೆಯನ್ನು ಮುಚ್ಚಳ ಎತ್ತಿಟ್ಟು ಜೆರಾಕ್ಸ್ ಮಾಡಿದರೆ ತೂತು ಕಪ್ಪಾಗಿ ಬೀಳುತ್ತದೆ.

ನಾಲ್ಕು ದಿನ ಅಳೆದೆ. 38 ಚುಕ್ಕೆಗಳಿಗೆ ಹಿಂಬದಿಯಲ್ಲಿ ಜೋಡಿ ಸಿಕ್ಕಿತು. ಉಳಿದ ಮೂರು ಒಂದೇ ಹಾಳೆಯಲ್ಲಿದ್ದವು, ಒಂದೇ ಹಾಡಿನ ಎರಡನೆಯ ಸಾಲಿನಲ್ಲಿ. ಆ ಹಾಳೆಯ ಹಿಂಬದಿ ಕಟ್ಟಿನಲ್ಲಿ ಇರಲಿಲ್ಲ; ಹಾಡಿನ ಉಳಿದ ಚರಣಗಳಿಗೆಂದು ವೈದೇಹಿ ಮನೆಗೆ ಒಯ್ದಿದ್ದಳು. ಕಚ್ಚಾ ಪಟ್ಟಿಯಲ್ಲಿ ಆ ಮೂರರ ಮುಂದೆ ಪ್ರಶ್ನೆಚಿಹ್ನೆ ಹಾಕಿದೆ. ಶುದ್ಧ ಪ್ರತಿ ಬರೆಯುವಾಗ, ಮೂವತ್ತೆಂಟಕ್ಕೆ ಮೂವತ್ತೆಂಟು ಹೊಂದಿವೆಯಲ್ಲ ಎಂದು, ಆ ಮೂರಕ್ಕೂ ಸರಿ ಗುರುತು ಹಾಕಿದೆ.

ಏಪ್ರಿಲ್ 24, ಗುರುವಾರ, ಹನ್ನೊಂದು ಗಂಟೆ ಐದು ನಿಮಿಷಕ್ಕೆ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟೆ. ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹೇಳಬೇಕಾಗಲಿಲ್ಲ. ಎಡ, ಬಲ ಎಂದು ಬರೆದ ಎರಡು ಕಾಲಂ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಆದರೂ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೊನೆಯ ತನಕ ಓದಿದರು. ತಾಳ ನಿಂತಿತ್ತು.

"ಯಾರಿಗಾದ್ರೂ ತೋರ್ಸಿದ್ಯಾ?"

"ಇಲ್ಲ ಸಾರ್."

"ವೈದೇಹಿಗೆ?"

"ಇಲ್ಲ."

"ಎಲ್ಲವೂನಾ?"

"ಎಲ್ಲವೂ ಸಾರ್. ನಲವತ್ತೊಂದೂ."

"ಹಾಲಿಗೆ ಕರೆಯೋ ಹಾಡು?"

ಆ ಮೂರು ಚುಕ್ಕೆ ಇದ್ದದ್ದು ಆ ಹಾಡಿನಲ್ಲೇ. "ಅದೂ ಸಾರ್" ಎಂದೆ.

ಅವರು ಪಟ್ಟಿಯ ಮೇಲಿನ ಬೆರಳು ತೆಗೆದರು. "ನಮ್ಮ ಅಜ್ಜಿ ಅಲ್ಲಿ ಇಳೀತಿದ್ಲು. ನಾನು ತೊಡೆ ಮೇಲೆ ಇರ್ತಿದ್ದೆ. ಆ ಸಾಲು ಬಂದ್ರೆ ಅವಳ ಎದೆ ಗುಂಯ್ ಅನ್ನೋದು, ನನ್ನ ಬೆನ್ನಿಗೆ ತಗಲೋದು. ಅದನ್ನ ಈ ಪುಸ್ತಕದಲ್ಲಿ ನೋಡಿದೆ, ಮೂರು ಚುಕ್ಕೆ. ಆಮೇಲೇ ಮಿಕ್ಕಿದ್ದೆಲ್ಲ ನಂಬಿದ್ದು." ನಿಲ್ಲಿಸಿ ಮತ್ತೆ ಹೇಳಿದರು: "ಇಳೀತಿದ್ಲು ಅಂತ ಅನ್ಕೊಂಡಿದ್ದೆ."

ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ. ದಿನಚರಿಯಲ್ಲಿ ಎರಡನ್ನೂ ಬರೆದುಕೊಂಡಿದ್ದೇನೆ, ಅಷ್ಟೆ.

"ಮೂಲ ನೋಡಿದ್ರೆ ಗೊತ್ತಾಗತ್ತೆ ಸಾರ್" ಎಂದೆ.

ಅವರು ಜನಿವಾರದಿಂದ ಬೀಗದ ಕೈ ಬಿಚ್ಚಿದರು. "ಒಂಬತ್ತು ವರ್ಷದ ಹಿಂದೆ ಒಂದು ತೂತು ನೋಡಿದೆ. ಚುಕ್ಕೆ ಇದ್ದ ಜಾಗದಲ್ಲೇ. ಒಂದೇ ಒಂದು ಅಂತ ಮುಚ್ಚಿಟ್ಟೆ" ಎಂದರು. ಅದಕ್ಕೂ ಹಿಂದೆ ಮೂಲ ಹಾಳಾಗಬಾರದೆಂದು ಅವರು ಅದನ್ನು ಮುಟ್ಟುತ್ತಲೇ ಇರಲಿಲ್ಲ; ಮೈಲಾಪೂರಿನ ದೇವಸ್ಥಾನದ ಕೊಳದ ಬಳಿಯ ಅಂಗಡಿಯಲ್ಲಿ ಒಂದು ಸಲ ಜೆರಾಕ್ಸ್ ಮಾಡಿಸಿ ಎಲ್ಲ ಕೆಲಸವನ್ನೂ ಅದರಿಂದಲೇ ಮಾಡಿದ್ದರು. ಹಳೆಯ ಕಾಗದಕ್ಕೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆ ನೋಡಿಲ್ಲ.

ಬಾಗಿಲು ತೆರೆದಾಗ ಒಳಗಿನ ಸದ್ದು ನಿಂತಿತು. ಮೇಲಿನ ಹಲಗೆಯ ಮೇಲೆ ಕೆಂಪು ವಸ್ತ್ರದ ಗಂಟು. ಅವರು ಎತ್ತಿಕೊಂಡರು, ಎತ್ತಿದ ರೀತಿಯಲ್ಲೇ ಅದು ಹಗುರ ಎಂದು ತಿಳಿಯಿತು. ಮೇಜಿನ ಮೇಲೆ ಬಿಚ್ಚಿದರು. ಮೇಲೊಂದು ಕೆಳಗೊಂದು ರಟ್ಟು ಇತ್ತು. ನಡುವೆ ಹಾಳೆಗಳ ಅಂಚು ಮಾತ್ರ, ಫೋಟೋ ಇಲ್ಲದ ಚೌಕಟ್ಟುಗಳನ್ನು ಒಂದರ ಮೇಲೊಂದು ಇಟ್ಟಂತೆ. ಒಳಗೆಲ್ಲ ಹಳದಿ ಪುಡಿ. ಒಂದು ಬಿಳಿ ಹುಳ, ಅಕ್ಕಿಕಾಳಿಗಿಂತ ಚಿಕ್ಕದು, ಬೆಳಕಿಗೆ ಸುರುಳಿ ಸುತ್ತಿಕೊಂಡಿತು.

ಕೆಳಗಿನ ಹಲಗೆಯ ಪುಸ್ತಕಗಳನ್ನೂ ನೋಡಿದೆವು. ಇಪ್ಪತ್ತಾರರಲ್ಲಿ ಹನ್ನೊಂದು ಓದಲು ಬರುವಂತಿದ್ದವು.

ಪಕ್ಕದ ಕೋಣೆಯಲ್ಲಿ ವೈದೇಹಿ ಮಂದ್ರದ ಸಾಲು ಹಿಡಿದಿದ್ದಳು. ಅವರು ಎದ್ದು ಹೋಗಿ ಅವಳ ಬಾಗಿಲು ತಟ್ಟಿ, "ಇವತ್ತಿಗೆ ಸಾಕಮ್ಮಾ, ಗಂಟಲು ನೋಯತ್ತೆ" ಎಂದರು. ಅವಳಿಗೆ ಅವರು ಸಾಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಮೇ 19ರ ತನಕ ದಿನವೂ ಬಂದರು. ಒಂಬತ್ತೂ ಮುಕ್ಕಾಲಿಗೇ. ಮೊಸರನ್ನದ ಡಬ್ಬಿ ತೆರೆಯುತ್ತಿದ್ದರು, ಪೂರ್ತಿ ನನ್ನ ಕಡೆ ತಳ್ಳುತ್ತಿದ್ದರು. ನನ್ನನ್ನು ಕಣಕ್ಕಪಿಳ್ಳೆ ಎನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡುತ್ತಿದ್ದೆನೇನೋ.

ಮೇ 20ರಂದು ಮನೆಯ ಮೆಟ್ಟಿಲಲ್ಲಿ ಬಿದ್ದರು. ಕೀಲ್ಪಾಕ್‌ನ ಒಂದು ಆಸ್ಪತ್ರೆಯಲ್ಲಿ ಸೇರಿಸಿದ್ದರು. 23ರಂದು ಮಧ್ಯಾಹ್ನ ಹೋಗಿ ಹದಿನೆಂಟು ನಿಮಿಷ ಇದ್ದೆ. ಮಗಳು ಏನೋ ಕೇಳುತ್ತಿದ್ದರು, ಅವರು ಬಾಗಿಲ ಕಡೆ ತಿರುಗಿದರು. ನನ್ನನ್ನು ನೋಡಿ, "ಕರಡು ತಿದ್ದಿ ಕಳ್ಸಿದ್ಯಾ?" ಎಂದರು.

"ಇನ್ನೂ ಇಲ್ಲ ಸಾರ್. ನೀವು ಬರೋ ತನಕ ಇಟ್ಕೊಂಡಿದೀನಿ."

"ಚುಕ್ಕೆ ಎಲ್ಲಾ ತೆಗೆದ್ಬಿಡು. ಅಜ್ಜೀದೂ. ಕಾಗದದಲ್ಲಿ ಇಲ್ದಿದ್ದು ಬೇಡ" ಎಂದರು.

ನಾನು ಆಗಲಿ ಎಂದೆ. ಮರುದಿನವೇ ನಲವತ್ತೊಂದನ್ನೂ ಕೆಂಪು ಮಸಿಯಲ್ಲಿ ಹೊಡೆದುಹಾಕಿದೆ. 27ರಂದು ಬೆಳಗ್ಗೆ ತೀರಿಕೊಂಡರು.

ಜೂನ್ 4ರಂದು ವೈದೇಹಿ ಬಂದು ಅವರ ಕುರ್ಚಿಯ ಪಕ್ಕ ನಿಂತಳು, ಕೂರಲಿಲ್ಲ. "ಸಾರ್‌ಗೆ ಏನ್ ಸೊಲ್ಲಿದ್ರಿ ಅಕ್ಕಾ? ಆವತ್ತಿಂದ ಅವರು ಪಾಠದಲ್ಲಿ ಪಾಡವೇ ಇಲ್ಲ. ಬರೀ ಕೇಳ್ತಾ ಇದ್ರು."

ಎಲ್ಲ ಹೇಳಿದೆ. ಪಟ್ಟಿ ತೋರಿಸಿದೆ. ಅವಳ ಸಂಶೋಧನೆಯ ಅರ್ಧ ನಿಂತದ್ದು ಆ ಚುಕ್ಕೆಗಳ ಮೇಲೆ. ಅದರ ಮಾತೇ ಅವಳು ಎತ್ತಲಿಲ್ಲ. "ನೀವು ಎಣಿಸದೇ ಇದ್ದಿದ್ರೆ ಸಾರ್ ಇರ್ತಿದ್ರು" ಎಂದಳು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹಾಕಿದಳು. "ಇಂದಾಂಗ, ತಗೊಳ್ಳಿ. ನಿಮ್ಮ ಕಟ್ಟಿಂದು. ಇದನ್ನೂ ಎಣಿಸ್ಕೊಳ್ಳಿ."

ಹಾಲಿಗೆ ಕರೆಯುವ ಹಾಡಿನ ಹಾಳೆಯ ಹಿಂಬದಿ.

ಅವಳು ಹೋದ ಮೇಲೆ ಅಳೆದೆ. ಮುಂಬದಿಯಲ್ಲಿ ಎಡ ಅಂಚಿನಿಂದ 4.1, 4.9, 5.8. ಹಿಂಬದಿಯಲ್ಲಿ ಬಲ ಅಂಚಿನಿಂದ ಆ ಮೂರು ಜಾಗಗಳಲ್ಲಿ ಏನೂ ಇಲ್ಲ. ಭೂತಗನ್ನಡಿ ಇಟ್ಟು ನೋಡಿದೆ. ಏನೂ ಇಲ್ಲ. ಹಿಂದಿನ ಹಾಳೆ, ಮುಂದಿನ ಹಾಳೆ, ಅವುಗಳಲ್ಲೂ ಇಲ್ಲ. ಹುಳ ಹಾಳೆಯ ಒಂದು ಬದಿಯನ್ನು ಮಾತ್ರ ತಿನ್ನುವುದಿಲ್ಲ. ನಿ, ದ, ಪ ಮೂರಕ್ಕೂ ಒಂದರ ಪಕ್ಕ ಒಂದು ಚುಕ್ಕೆ, ಒಂದೇ ಗಾತ್ರ. ಬೇರೆ ಸಾಲುಗಳಲ್ಲಿ ಎಲ್ಲೂ ಒಂದಕ್ಕಿಂತ ಹೆಚ್ಚು ಇರಲಿಲ್ಲ. ನೋಡಿದ ಯಾರಿಗಾದರೂ ಬರೆದ ಕೈ ಕಾಣುತ್ತದೆ. ನಾನು ನೋಡಿರಲಿಲ್ಲ, ಸರಿ ಗುರುತು ಹಾಕಿದ್ದೆ.

ಅಂದರೆ ಮೂವತ್ತೆಂಟು ಸಾಲುಗಳಲ್ಲಿ ಅವರದು ತಪ್ಪು. ಒಂದು ಸಾಲಿನಲ್ಲಿ ಬಹುಶಃ ಸರಿ. ಆ ಒಂದು ಸಾಲನ್ನು ಅವರಿಂದ ತೆಗೆದುಕೊಂಡದ್ದು ಹುಳ ಅಲ್ಲ.

ವೈದೇಹಿಗೆ ಫೋನ್ ಮಾಡಿ ಹೇಳಿದೆ. "ಬಹುಶಃನಾ, ನಿಜವಾನಾ?" ಎಂದಳು. ಬಹುಶಃ ಎಂದೆ. ಜೆರಾಕ್ಸ್‌ನ ಗಾಜಿನ ಮೇಲೆ ಕೊಳೆ ಇದ್ದರೂ ಚುಕ್ಕೆ ಬೀಳಬಹುದು. ಮೂಲ ಈಗ ಪುಡಿ. ಬರೆದವರು ಯಾರೆಂದು ಗೊತ್ತಿಲ್ಲ. ಅಜ್ಜಿಯ ಹಾಡು ಕೇಳಿದವರಲ್ಲಿ ನಮಗೆ ಗೊತ್ತಿದ್ದವರು ಒಬ್ಬರೇ ಇದ್ದರು. ಅವರು ತಮ್ಮ ಕಿವಿಯನ್ನೇ ನಂಬದೆ ಹೋದರು.

ಕರಡನ್ನು ಆಗಸ್ಟ್ 1ರ ಒಳಗೆ ಹಿಂದಕ್ಕೆ ಕಳಿಸಬೇಕು. ಈಗ ಅದರಲ್ಲಿ ಒಂದು ಚುಕ್ಕೆಯೂ ಇಲ್ಲ. ಹಾಗೆಯೇ ಕಳಿಸಿದರೆ ಅವರು ಹೇಳಿದಂತೆ ಆಗುತ್ತದೆ. ಮೂರನ್ನು ಮತ್ತೆ ಹಾಕಿದರೆ, ನಾನು ಎರಡನೆಯ ಸಲ ನೋಡದೆ ಗುರುತು ಹಾಕಿದಂತಾಗಬಹುದು.

ಆದ್ದರಿಂದ ಕೇಳುತ್ತಿದ್ದೇನೆ. ಅದು ತಾಯಿ ಮಗುವನ್ನು ಹಾಲಿಗೆ ಕರೆಯುವ ದೇವರನಾಮ. ಮೊದಲ ಸಾಲಿನಲ್ಲಿ ಅಂಗಳದಲ್ಲಿರುವ ಮಗುವನ್ನು ಕೂಗುತ್ತಾಳೆ, ರಾಗ ಮೇಲಕ್ಕೆ ಹೋಗುತ್ತದೆ. ಎರಡನೆಯ ಸಾಲಿನಲ್ಲಿ ಮಗು ಹತ್ತಿರ ಬಂದಿದೆ, ಕಿವಿಯಲ್ಲಿ ಹೇಳುತ್ತಾಳೆ. ಮೈಲಾಪೂರು, ತಿರುವಲ್ಲಿಕ್ಕೇಣಿಯ ಹಳೆಯ ಕನ್ನಡದ ಮನೆಗಳಲ್ಲಿ ಇದನ್ನು ಹಾಡುತ್ತಿದ್ದವರು ಇದ್ದಾರೆಯೇ? ಅವರು ಎರಡನೆಯ ಸಾಲಿನಲ್ಲಿ ಕೆಳಗೆ ಇಳಿಯುತ್ತಿದ್ದರೇ? ಕೇಳಿದವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಯಾರ ಬಾಯಲ್ಲಿ, ಯಾವ ಮನೆಯಲ್ಲಿ, ನಿಮಗೆ ಆಗ ಎಷ್ಟು ವಯಸ್ಸು ಎಂಬುದನ್ನೂ ಬರೆಯಿರಿ. ಇಳಿಯುತ್ತಿರಲಿಲ್ಲ ಎಂದು ನೆನಪಿದ್ದರೆ ಅದನ್ನೂ ಬರೆಯಿರಿ. ಇದ್ದಿರಬಹುದು ಎಂಬುದು ಬೇಡ. ಕೇಳಿದ್ದು ಮಾತ್ರ ಸಾಕು.